ಸಹ್ಯಾದ್ರಿಯಲ್ಲಿ ಜಿಯೋಕ್ಯಾಶ್ ಡಬ್ಬಿ ಇಡಬೇಕೆಂದಿದ್ದೇವೆ: ಕೋಟೆಯ ಮೇಲೆ ಇಡಬಹುದೇ?

ಬಾಣೇರ್ ಬೆಟ್ಟದವಳು

ಪುಣೆ, ಮುಂಬೈ ಕಡೆಯ ಕನ್ನಡಿಗ ಚಾರಣಿಗರಿಗೆಲ್ಲ ನಮಸ್ಕಾರ. ನಮ್ಮದೊಂದು ಜಗಳ ಇದೆ, ತೀರ್ಪು ಬೇಕು.

ನಾವು ಕೆಲವು ಗೆಳೆಯರು ವಾರಾಂತ್ಯಕ್ಕೆ ಬೆಟ್ಟ ಹತ್ತುತ್ತೇವೆ. ಈಚೆಗೆ ಜಿಯೋಕ್ಯಾಶಿಂಗ್ ಹುಚ್ಚೂ ಸೇರಿಕೊಂಡಿದೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಯಾರೋ ಒಂದು ಡಬ್ಬಿಯನ್ನು ಎಲ್ಲೋ ಅಡಗಿಸಿ, ಅದರ ಅಕ್ಷಾಂಶ ರೇಖಾಂಶಗಳನ್ನು ಜಾಲತಾಣದಲ್ಲಿ ಹಾಕಿರುತ್ತಾರೆ. ಮೊಬೈಲ್ ಹಿಡಿದು ಅಲ್ಲಿಗೆ ಹೋಗಿ, ಡಬ್ಬಿ ಹುಡುಕಿ, ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಎಲ್ಲಿತ್ತೋ ಅಲ್ಲೇ ಇಟ್ಟು ಬರಬೇಕು. ಒಳಗಿನ ಆಟಿಕೆಯನ್ನೋ ಕೀಲಿ ಗೊಂಚಲನ್ನೋ ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು.

ಹುಡುಕಿದ್ದು ಸಾಕು, ನಮ್ಮದೇ ಒಂದು ಡಬ್ಬಿ ಇಡೋಣ ಎಂದು ಹೊರಟೆವು. ನನ್ನ ಮನಸ್ಸಿನಲ್ಲಿದ್ದದ್ದು ಲೋನಾವಳಾ ಹತ್ತಿರದ ಲೋಹಗಡ ಕೋಟೆ. ಅದರ ಚೇಳಿನ ಬಾಲದಂತೆ ಚಾಚಿದ ತುದಿ ವಿಂಚೂಕಾಟಾ, ಆ ಕಡೆಯ ಗೋಡೆಯಲ್ಲಿ ಸಂದುಗಳು ಬೇಕಾದಷ್ಟಿವೆ. ನಮ್ಮ ಗುಂಪಿನ ಸಾತಾರೆಯ ಗೆಳೆಯ ಸಿಡಿದೆದ್ದ: "ಶಿವಾಜಿ ಮಹಾರಾಜರ ಕೋಟೆಗೆ ಟಿಫಿನ್ ಡಬ್ಬಿ ತುರುಕುತ್ತೀಯಾ?" ಎಂದ. ಅಂದಿನಿಂದ ಅವನು ಗುಂಪಿನಲ್ಲಿ ಬೆಳಗಿನ ನಮಸ್ಕಾರವನ್ನೂ ಹಾಕುತ್ತಿಲ್ಲ. ನನಗನ್ನಿಸುವುದು, ಅಂಗೈ ಅಗಲದ ಡಬ್ಬಿಯಿಂದ ಅಷ್ಟು ದೊಡ್ಡ ಕೋಟೆಗೆ ಏನಾಗುತ್ತದೆ? ಹಾಗೆಯೇ, ಭೂಪ್ರದೇಶದ ಶ್ರೇಣಿ, ಅಂದರೆ ದಾರಿ ಎಷ್ಟು ಕಷ್ಟ ಎಂದು ಹೇಳುವ ಅಂಕ, ಎಷ್ಟು ಕೊಡಬೇಕು, ಮಳೆಗಾಲ ತಾಳುವ ಡಬ್ಬಿ ಯಾವುದು, ಇದನ್ನೂ ಬಲ್ಲವರು ಹೇಳಿ.

ಮಾಟುಂಗಾ ಮಾಮ

ನಿಮ್ಮ ಸಾತಾರೆಯ ಗೆಳೆಯನಿಗೆ ನನ್ನ ಪರವಾಗಿ ಒಂದು ಚಹಾ ಕುಡಿಸಿ.

ಜಿಪಿಎಸ್ ಗಣಪ

ಮಾಮ ಒಂದು ಸಾಲಿನಲ್ಲಿ ಮುಗಿಸಿಬಿಟ್ಟರು, ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲೋಹಗಡ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. 2025ರ ಜುಲೈಯಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮರಾಠಾ ಕಾಲದ ಹನ್ನೆರಡು ಕೋಟೆಗಳಲ್ಲಿ ಅದೂ ಒಂದು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಇಂತಹ ಜಾಗವನ್ನು ವಿರೂಪಗೊಳಿಸಿದರೆ ಸೆರೆವಾಸವೂ ಇದೆ, ದಂಡವೂ ಇದೆ. ಕಾನೂನು ಬದಿಗಿಡೋಣ. ಜಿಯೋಕ್ಯಾಶಿಂಗ್ ಆಟದ ನಿಯಮವೇ ಹೇಳುತ್ತದೆ: ಜಾಗದ ಒಡೆಯರ ಅನುಮತಿ ಬೇಕು, ನೆಲ ಅಗೆಯಬಾರದು, ಇನ್ನೊಂದು ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರ ಇರಬೇಕು. ಹೊಸ ಡಬ್ಬಿಯನ್ನು ಪ್ರಕಟಿಸುವ ಮೊದಲು ಸ್ವಯಂಸೇವಕ ಪರಿಶೀಲಕರು ನೋಡುತ್ತಾರೆ. ಕೋಟೆಯ ಗೋಡೆಯ ಸಂದಿ ಎಂದು ಬರೆದರೆ ಅಲ್ಲಿಗೇ ನಿಲ್ಲುತ್ತದೆ.

ಸದಾಶಿವ ಪೇಟೆ ಸದಾ ಸಂದೇಹಿ

ಎಲ್ಲರೂ ಇಷ್ಟು ಪವಿತ್ರರಾಗುವ ಅಗತ್ಯವಿಲ್ಲ. ಭಾನುವಾರ ಸಿಂಹಗಡಕ್ಕೆ ಹೋಗಿ ನೋಡಿ. ಭಜಿಯ ಎಣ್ಣೆ ಕಾಗದ, ನೀರಿನ ಬಾಟಲಿ, ಗೋಡೆಯ ಮೇಲೆ ಬಾಣ ಚುಚ್ಚಿದ ಹೃದಯ, ಅದರೊಳಗೆ ಎರಡು ಹೆಸರು. ಅವರನ್ನೆಲ್ಲ ಬಿಟ್ಟು ಪಾಪ ಒಂದು ಮುಚ್ಚಳವಿರುವ ಡಬ್ಬಿಯ ಮೇಲೆ ಕಾನೂನು ತರುತ್ತೀರಿ. 2023ರ ಮಳೆಗಾಲದಲ್ಲಿ ಲೋಹಗಡದ ಮೆಟ್ಟಿಲುಗಳಲ್ಲಿ ಜನ ಮುಂದೆಯೂ ಹೋಗಲಾಗದೆ ಹಿಂದೆಯೂ ಬರಲಾಗದೆ ಗಂಟೆಗಟ್ಟಲೆ ಸಿಕ್ಕಿಕೊಂಡಿದ್ದ ವಿಡಿಯೊ ನೋಡಿಲ್ಲವೇ? ಕೋಟೆ ಸವೆಯುತ್ತಿರುವುದು ಆ ಕಾಲುಗಳಿಂದ.

ಡೊಂಬಿವಲಿ ಸ್ಲೋ ಲೋಕಲ್

ಸಂದೇಹಿಯವರೇ, ಒಬ್ಬರು ಹೃದಯ ಕೆತ್ತಿದರು ಎಂದು ಇನ್ನೊಬ್ಬರು ಡಬ್ಬಿ ತುರುಕಬಹುದೇ? ಇದು ಯಾವ ನ್ಯಾಯ?

ಜಿಪಿಎಸ್ ಗಣಪ

ಡಬ್ಬಿಯಿಂದ ಹಾನಿ ಇಲ್ಲ ಎಂಬುದನ್ನು ನಾನು ಒಪ್ಪುತ್ತೇನೆ, ಸಂದೇಹಿಯವರೇ. ಹಾನಿ ಹುಡುಕುವವರಿಂದ. ಒಳ್ಳೆಯ ಮೊಬೈಲ್ ಕೂಡ ಬಯಲಿನಲ್ಲಿ ಐದು ಮೀಟರಿನಷ್ಟು ಆಚೀಚೆ ತೋರಿಸುತ್ತದೆ. ಕಡಿದಾದ ಬಂಡೆಯ ಪಕ್ಕದಲ್ಲಿ ಉಪಗ್ರಹದ ಸಂಕೇತ ಕಲ್ಲಿಗೆ ಬಡಿದು ಸುತ್ತಿ ಬರುವುದರಿಂದ ಇನ್ನೂ ಹೆಚ್ಚು ತಪ್ಪುತ್ತದೆ. ಅಡಗಿಸಿದವರ ಫೋನಿನ ತಪ್ಪಿಗೆ ಹುಡುಕುವವರ ಫೋನಿನ ತಪ್ಪು ಸೇರಿಸಿಕೊಳ್ಳಿ. ಆಗ ಏನಾಗುತ್ತದೆ? ಇಪ್ಪತ್ತು ಮೀಟರ್ ಉದ್ದದ ಗೋಡೆಯ ಮುಂದೆ ನಿಂತ ಮನುಷ್ಯ ಒಂದೊಂದೇ ಸಡಿಲ ಕಲ್ಲನ್ನು ಎಳೆದು ನೋಡುತ್ತಾನೆ. ಸಿಗಲಿಲ್ಲ ಎಂದು ಬರೆದು ಹೋಗುತ್ತಾನೆ. ಮುಂದಿನವನು ಬಂದು ಅವನು ಬಿಟ್ಟ ಕಲ್ಲುಗಳನ್ನು ಎಳೆಯುತ್ತಾನೆ. ಡಬ್ಬಿ ಕಳವಾಗಿದ್ದರಂತೂ ಈ ಕಥೆಗೆ ಕೊನೆಯೇ ಇಲ್ಲ.

ಬಾಣೇರ್ ಬೆಟ್ಟದವಳು

ಈ ಕೋನ ನನಗೆ ಹೊಳೆದಿರಲಿಲ್ಲ, ಗಣಪ ಅಣ್ಣ. ಸರಿ, ಗೋಡೆ ಬೇಡ. ಕೋಟೆಯ ಕೆಳಗಿನ ಕಾಡುದಾರಿಯಲ್ಲಿ ಮರದ ಪೊಟರೆಯಲ್ಲೋ ಬಂಡೆಯ ಕೆಳಗೋ ಇಟ್ಟರೆ?

ವಿಜಯಪುರ ಟು ಪಿಂಪರಿ

ಬಂಡೆಯ ಕೆಳಗೆ ಕೈ ಹಾಕುವ ಆಟವೇ? ತಂಗಿ, ಸಹ್ಯಾದ್ರಿಯಲ್ಲಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕೂ ಇವೆ. ಕಾಣದ ಸಂದಿಗೆ ಬರಿಗೈ ಹಾಕಬಾರದು ಎಂಬುದು ಮನೆಯಲ್ಲಿ ಸೌದೆ ಒಟ್ಟಿದವರಿಗೆಲ್ಲ ಗೊತ್ತು. ಇಡುವುದಾದರೆ ಕಣ್ಣಿಗೆ ಕಾಣುವ ಎತ್ತರದಲ್ಲಿ, ಕೋಲಿನಿಂದ ತಟ್ಟಿ ನೋಡಬಹುದಾದ ಜಾಗದಲ್ಲಿ ಇಡಿ. ಹೆಜ್ಜೇನು ಕಟ್ಟಿದ ಬಂಡೆಯ ಹತ್ತಿರವಂತೂ ಬೇಡವೇ ಬೇಡ. ಕೋಟೆಗಳಲ್ಲಿ ಹೆಜ್ಜೇನು ಎದ್ದು ಜನರನ್ನು ಅಟ್ಟಿಸಿಕೊಂಡು ಹೋದ ಸುದ್ದಿ ಪ್ರತಿ ವರ್ಷ ಬರುತ್ತದೆ. ಸುಗಂಧದ್ರವ್ಯ ಪೂಸಿಕೊಂಡು ಬೆಟ್ಟಕ್ಕೆ ಬರುವವರನ್ನು ನೋಡಿದರೆ ನನಗೆ ದೂರ ಸರಿದು ನಿಲ್ಲಬೇಕೆನಿಸುತ್ತದೆ.

ಕುರ್ಲಾ ಕೊನೆಯ ಗಾಡಿ

ನಾನು ಮುಂಬೈಯವನು, ನಮ್ಮ ಕಷ್ಟವೇ ಬೇರೆ. ಇಲ್ಲಿ ಪ್ರತಿ ನಿಲ್ದಾಣದಲ್ಲೂ ವಾರಸುದಾರರಿಲ್ಲದ ವಸ್ತುಗಳನ್ನು ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಎಂದು ಮೂರು ಭಾಷೆಯಲ್ಲಿ ಕೂಗುತ್ತಾರೆ. 2006ರ ಜುಲೈ 11ರ ಲೋಕಲ್ ರೈಲು ಸ್ಫೋಟಗಳನ್ನು ನೋಡಿದ ಊರು ಇದು. ಉದ್ಯಾನದ ಬೆಂಚಿನ ಕೆಳಗೆ ಅಯಸ್ಕಾಂತ ಅಂಟಿಸಿದ ಲೋಹದ ಡಬ್ಬಿ ಕಂಡರೆ ಯಾರಾದರೂ ಆಟ ಎಂದುಕೊಳ್ಳುತ್ತಾರೆಯೇ? ಪುಣೆಯವರೂ ಎಚ್ಚರವಾಗಿರಿ, 2010ರ ಫೆಬ್ರುವರಿಯಲ್ಲಿ ಜರ್ಮನ್ ಬೇಕರಿಯಲ್ಲಿ ಸ್ಫೋಟಿಸಿದ್ದೂ ಯಾರೋ ಬಿಟ್ಟುಹೋದ ಚೀಲವೇ. ನಿಮ್ಮಲ್ಲಿ ಖಡಕವಾಸಲಾ ಕಡೆ ಸೇನಾಧಿಕಾರಿಗಳಿಗೆ ತರಬೇತಿ ಕೊಡುವ ಎನ್‌ಡಿಎ ಇದೆ, ದಂಡು ಪ್ರದೇಶ ಇದೆ. ಬೇಲಿಯ ಹತ್ತಿರ ಮೊಬೈಲ್ ಹಿಡಿದು ಪೊದೆ ಕೆದಕುತ್ತಿದ್ದರೆ ಸಿಪಾಯಿಗೆ ಏನೆಂದು ಉತ್ತರ ಕೊಡುತ್ತೀರಿ?

ಸದಾಶಿವ ಪೇಟೆ ಸದಾ ಸಂದೇಹಿ

"ಸರ್, ಡಬ್ಬಿ ಹುಡುಕುತ್ತಿದ್ದೇನೆ."

ಕುರ್ಲಾ ಕೊನೆಯ ಗಾಡಿ

ಅದನ್ನು ಹಿಂದಿಯಲ್ಲಿ ಹೇಳಿ ನೋಡಿ ಸ್ವಾಮಿ, ರಾತ್ರಿಯ ಊಟ ಠಾಣೆಯಲ್ಲೇ.

ಜಿಪಿಎಸ್ ಗಣಪ

ಅದಕ್ಕೇ ಪಾರದರ್ಶಕ ಡಬ್ಬಿ ಬಳಸಿ, ಹೊರಗೆ ಇದು ಜಿಯೋಕ್ಯಾಶ್ ಎಂದು ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ದೊಡ್ಡದಾಗಿ ಬರೆಯಿರಿ ಎನ್ನುವುದು. ಮಳೆಯ ಪ್ರಶ್ನೆಗೆ ಉತ್ತರ: ನಾಲ್ಕು ಬದಿಗೂ ಕೊಂಡಿ ಹಾಕುವ, ಒಳಗೆ ರಬ್ಬರ್ ಪಟ್ಟಿ ಇರುವ ಅಡುಗೆಮನೆಯ ಡಬ್ಬಿ. ಪುಸ್ತಕಕ್ಕೆ ಜಿಪ್ ಚೀಲ ಬೇರೆ. ಪೆನ್ನು ಬೇಡ, ಪೆನ್ಸಿಲ್ ಇಡಿ. ತಿಂಡಿ ಇಡಬೇಡಿ, ಕೋತಿ ಮುಚ್ಚಳ ತೆಗೆಯಲು ನಿಮಗಿಂತ ಬೇಗ ಕಲಿಯುತ್ತದೆ.

ತಮಾಷೆ ಎಂದರೆ ಈ ಆಟದ ಮೊದಲ ಡಬ್ಬಿಯಲ್ಲೇ ತಿನ್ನುವ ಪದಾರ್ಥ ಇತ್ತು. 2000ದ ಮೇ 2ರವರೆಗೆ ಅಮೆರಿಕದ ಸೇನೆ ನಾಗರಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿತ್ತು, ನೂರು ಮೀಟರಿನಷ್ಟು ತಪ್ಪು ಮಾಮೂಲಾಗಿತ್ತು. ಅದನ್ನು ನಿಲ್ಲಿಸಿದ ಮರುದಿನವೇ ಡೇವ್ ಅಲ್ಮರ್ ಎಂಬುವರು ಆರೆಗನ್ ರಾಜ್ಯದ ಕಾಡಿನಲ್ಲಿ ಒಂದು ಬಕೆಟ್ ಇಟ್ಟು ಅಂತರ್ಜಾಲದಲ್ಲಿ ಸ್ಥಾನ ಹಾಕಿದರು. ಅದರಲ್ಲಿ ಪುಸ್ತಕ, ವಿಡಿಯೊ, ಕವಣೆಯ ಜೊತೆ ಒಂದು ಡಬ್ಬಿ ಬೀನ್ಸ್ ಕೂಡ ಇತ್ತು.

ಮಾಟುಂಗಾ ಮಾಮ

ನಮ್ಮ ಕಾಲದಲ್ಲಿ ಇದ್ದದ್ದು ದಿಕ್ಸೂಚಿ, ಸರ್ವೇ ಆಫ್ ಇಂಡಿಯಾದ ನಕಾಶೆ, ಮತ್ತು ದನ ಕಾಯುವ ಹುಡುಗ. ಮೂರರಲ್ಲಿ ಹುಡುಗನನ್ನೇ ಹೆಚ್ಚು ನಂಬುತ್ತಿದ್ದೆವು.

ಡೊಂಬಿವಲಿ ಸ್ಲೋ ಲೋಕಲ್

ಮಾಮನ ದನ ಕಾಯುವ ಹುಡುಗನ ಮಾತು ನಗುವಂಥದ್ದಲ್ಲ. ಹೊಸಬರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಜೊತೆಗಾರನೊಬ್ಬ ಹರಿಶ್ಚಂದ್ರಗಡದ ಕಡೆ ಚಾರಣಕ್ಕೆ ಬಂದಿದ್ದಾಗ ಸ್ಥಾನದ ಅಂಕಿ ಹಾಕಿಕೊಂಡು ಮೊಬೈಲಿನ ಬಾಣವನ್ನೇ ನೋಡುತ್ತಾ ನಡೆದ. ಬಾಣ ತೋರಿಸುವುದು ನೇರ ಗೆರೆಯ ದೂರ. ಕಾಗೆಗೆ ಅದು ಸರಿ, ನಮಗಲ್ಲ. ಅರವತ್ತು ಮೀಟರ್ ಬಾಕಿ ಎಂದು ಫೋನು ಹೇಳುತ್ತಿದೆ. ಆ ಅರವತ್ತು ಮೀಟರ್ ಅಡ್ಡಕ್ಕೋ ಉದ್ದಕ್ಕೋ ಎಂಬುದನ್ನು ಅದು ಹೇಳುವುದಿಲ್ಲ. ಇವನು ಕಾಲುದಾರಿ ಬಿಟ್ಟು ಹುಲ್ಲಿನ ಇಳಿಜಾರಿಗೆ ಇಳಿದ. ಮಳೆ ಮುಗಿದ ಮೇಲೆ ಒಣಗಿದ ಆ ಹುಲ್ಲಿನ ಮೇಲೆ ಎಂತಹ ಶೂ ಕೂಡ ನಿಲ್ಲುವುದಿಲ್ಲ. ಅದರ ಕೆಳಗೆ ಇಲ್ಲಿಯ ಚಾರಣಿಗರು ಘಸಾರಾ ಎನ್ನುವ ಜಾರುವ ಮಣ್ಣು, ಉರುಟು ಕಲ್ಲು. ಅದರಾಚೆ ಏನೂ ಇಲ್ಲ, ಗಾಳಿ. ಅವನು ಒಂದು ಕಾರವಿ ಪೊದೆ ಹಿಡಿದು ಕುಳಿತ. ಮೇಲಕ್ಕೆ ಬರಲು ಹೆದರಿಕೆ, ಕೆಳಗೆ ನೋಡಲು ಇನ್ನೂ ಹೆದರಿಕೆ. ನಮ್ಮಲ್ಲಿ ಹಗ್ಗ ಇತ್ತು, ಹಗ್ಗ ಕಟ್ಟಲು ಬರುವವರೂ ಇದ್ದರು, ಆದ್ದರಿಂದ ಇದನ್ನು ಇವತ್ತು ಹರಟೆಯಾಗಿ ಹೇಳುತ್ತಿದ್ದೇನೆ.

ಅವನು ಮೇಲೆ ಬಂದು ಕೇಳಿದ ಮೊದಲ ಮಾತು "ಯಾರಾದರೂ ನನ್ನ ಫೋನ್ ನೋಡಿದಿರಾ" ಎಂದು.

ವಿಜಯಪುರ ಟು ಪಿಂಪರಿ

ಕಾರವಿಯೂ ಎಲ್ಲ ಸಲ ತಡೆಯುವುದಿಲ್ಲ. ಎಂಟು ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಕಟ್ಟಿ ಸಾಯುವ ಗಿಡ ಅದು. 2016ರಲ್ಲಿ ಬಿಟ್ಟಿತ್ತು, ಮತ್ತೆ 2024ರಲ್ಲಿ. ಸತ್ತ ಕಾಂಡ ಹಸಿಯಂತೆಯೇ ಕಾಣುತ್ತದೆ, ಎಳೆದರೆ ಬುಡಸಮೇತ ಕೈಗೆ ಬರುತ್ತದೆ.

ಪಣಜಿಯ ಪಾದಚಾರಿ

ಗೋವಾದಿಂದ ಎರಡು ಮಾತು. ಒಂದು, ಬೆಟ್ಟದಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ಯಾರಾದರೂ ವಿದೇಶದಿಂದ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನ ತರಿಸಿಕೊಳ್ಳುವ ಆಲೋಚನೆಯಲ್ಲಿದ್ದರೆ ಬಿಟ್ಟುಬಿಡಿ. ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ನಮ್ಮಲ್ಲಿ ಅಪರಾಧ. 2024ರ ಡಿಸೆಂಬರ್‌ನಲ್ಲಿ ಇಲ್ಲಿಯ ವಿಮಾನ ನಿಲ್ದಾಣದಲ್ಲಿ ಇಂತಹ ಸಾಧನ ಇಟ್ಟುಕೊಂಡ ವಿದೇಶಿ ಪ್ರವಾಸಿಗರೇ ಸಿಕ್ಕಿಬಿದ್ದರು. ಬರೀ ಸ್ಥಾನ ತೋರಿಸುವ ಕೈ ಜಿಪಿಎಸ್ ಬೇರೆ, ಸಂದೇಶ ಕಳುಹಿಸುವುದು ಬೇರೆ. ಅಂಗಡಿಯವರು ಎರಡನ್ನೂ ಒಂದೇ ಕಪಾಟಿನಲ್ಲಿ ಇಡುತ್ತಾರೆ.

ಎರಡು, ದೂಧ್‌ಸಾಗರದ ರೈಲುಹಳಿ ಹಿಡಿದು ಡಬ್ಬಿ ಇಡಲು ಹೋಗಬೇಡಿ. ಹಳಿಯ ಮೇಲೆ ನಡೆಯುವುದು ನಿಷಿದ್ಧ. 2023ರ ಜುಲೈಯಲ್ಲಿ ಹಾಗೆ ಬಂದವರಿಂದ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದ್ದನ್ನು ದೇಶವೇ ನೋಡಿತು. ಅದರಲ್ಲಿ ನಮ್ಮ ಕರ್ನಾಟಕದ ಹುಡುಗರೇ ಹೆಚ್ಚಿದ್ದರು ಎಂದು ನನ್ನ ಅನುಮಾನ, ಬಸ್ಕಿಯ ಶೈಲಿ ನೋಡಿ.

ಕುರ್ಲಾ ಕೊನೆಯ ಗಾಡಿ

ಬಸ್ಕಿಯ ಶೈಲಿ! ಹಳೆಯ ಗರಡಿಮನೆಯ ಸಂಸ್ಕಾರ ಇರಬೇಕು.

ಹಿಂಜವಡಿ ಹೊಸಬ

ಒಂದು ಸಣ್ಣ ಸಂದೇಹ. ನಾನು ಮೊದಲ ಸಲ ಸಿಂಹಗಡದ ಹತ್ತಿರದ ಒಂದು ಸ್ಥಾನ ಹಾಕಿದೆ. ನಕಾಶೆ ತಾಥವಡೆ ಕಡೆಯ ಅಪಾರ್ಟ್‌ಮೆಂಟುಗಳನ್ನು ತೋರಿಸಿತು. ಆಪ್ ಕೆಟ್ಟಿದೆಯೇ?

ಜಿಪಿಎಸ್ ಗಣಪ

ಆಪ್ ಸರಿಯಾಗಿಯೇ ಇದೆ. ಸಿಂಹಗಡದ ಅಕ್ಷಾಂಶ ಸುಮಾರು 18.366 ಡಿಗ್ರಿ. ಜಿಯೋಕ್ಯಾಶಿಂಗ್‌ನಲ್ಲಿ ಡಿಗ್ರಿ ಮತ್ತು ಮಿನಿಟ್ ಬೇರೆಬೇರೆ ಬರೆಯುತ್ತಾರೆ, ಅಲ್ಲಿ ಅದೇ ಜಾಗ 18 ಡಿಗ್ರಿ 21.96 ಮಿನಿಟ್. ನೀವು ದಶಾಂಶದ 366 ಅನ್ನು 36.6 ಮಿನಿಟ್ ಎಂದು ಹಾಕಿದ್ದೀರಿ. ಹಾಗೆ ಮಾಡಿದರೆ ಸುಮಾರು 27 ಕಿ.ಮೀ. ಉತ್ತರಕ್ಕೆ ಹೋಗುತ್ತೀರಿ, ಅಂದರೆ ತಾಥವಡೆ.

ಬಾಣೇರ್ ಬೆಟ್ಟದವಳು

ಆದರೆ ರೇಖಾಂಶ 73.756 ಅಲ್ಲವೇ? ಅದನ್ನೂ ಹಾಗೆಯೇ ಹಾಕಿದ್ದರೆ 75.6 ಮಿನಿಟ್ ಆಗಬೇಕಿತ್ತು. ಒಂದು ಡಿಗ್ರಿಗೆ ಅರವತ್ತೇ ಮಿನಿಟ್.

ಹಿಂಜವಡಿ ಹೊಸಬ

ಅದು ಕೆಂಪು ಬಣ್ಣ ತೋರಿಸಿತು ಮೇಡಂ. ಅದೊಂದನ್ನು ಮಾತ್ರ ಸರಿಮಾಡಿದೆ.

ಮಾಟುಂಗಾ ಮಾಮ

ತಾನಾಜಿ ಮಾಲುಸರೆ 1670ರಲ್ಲಿ ಕತ್ತಲೆಯಲ್ಲಿ ಕಡಿದಾದ ಬಂಡೆ ಹತ್ತಿ ಇದೇ ಕೋಟೆಯನ್ನು ಸರಿಯಾಗಿ ಹುಡುಕಿಕೊಂಡ. ಕೈಯಲ್ಲಿ ಆಪ್ ಇರಲಿಲ್ಲ.

ಹಿಂಜವಡಿ ಹೊಸಬ

ಮಾಮ, ದಯವಿಟ್ಟು.

ವಿಜಯಪುರ ಟು ಪಿಂಪರಿ

ಹೊಸಬರೇ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಸಿಂಹಗಡಕ್ಕೆ ಹೋದರೆ ಆತಕರವಾಡಿ ಕಡೆಯಿಂದ ನಡೆದು ಹತ್ತಿ, ಮೇಲೆ ಪಿಠಲ ಭಾಕರಿ, ಮಡಕೆಯ ಮೊಸರು ತಿನ್ನಿ. ಪಿಠಲ ಎಂದು ಇವರು ಕೊಡುವುದು ನಮ್ಮ ಜುಣಕದ ತೆಳ್ಳಗಿನ ತಮ್ಮ.

ಡೊಂಬಿವಲಿ ಸ್ಲೋ ಲೋಕಲ್

ಶುರುವಾಯಿತು. ಗಟ್ಟಿ ಜುಣಕಕ್ಕೆ ಜೋಳದ ರೊಟ್ಟಿ ಇಲ್ಲದೆ ಬೆಟ್ಟ ಹತ್ತುವವರು ಅಪೂರ್ಣರು ಎಂದು ಇನ್ನು ನಾಲ್ಕು ಪುಟ ಬರುತ್ತದೆ.

ಮಾಟುಂಗಾ ಮಾಮ

ಬೆಟ್ಟ ಇಳಿದ ಮೇಲೆ ಮಾಟುಂಗಾಕ್ಕೆ ಬಂದು ಇಡ್ಲಿ ತಿನ್ನಿ. ಉಳಿದದ್ದೆಲ್ಲ ಹೊಟ್ಟೆ ತುಂಬಿಸುವ ಮಾತು.

ನಿರ್ವಾಹಕರು

ಊಟದ ಎಳೆ ಬೇರೆ ಇದೆ. ಅಲ್ಲಿಗೆ ಹೋಗಿ ಜಗಳವಾಡಿ.

ಸದಾಶಿವ ಪೇಟೆ ಸದಾ ಸಂದೇಹಿ

ಮೂಲ ಪ್ರಶ್ನೆಗೆ ಬರೋಣ. ಶ್ರೇಣಿಯ ಬಗ್ಗೆ ಯಾರೂ ಹೇಳಲಿಲ್ಲ. ಮೆಟ್ಟಿಲಿರುವ ಲೋಹಗಡಕ್ಕೆ ಎರಡು ಸಾಕು ಎನ್ನುತ್ತೇನೆ. ಅಜ್ಜಿಯರೂ ಹತ್ತುತ್ತಾರೆ.

ಜಿಪಿಎಸ್ ಗಣಪ

ಒಂದರಿಂದ ಐದರವರೆಗೆ ಅಂಕ. ಗಾಲಿಕುರ್ಚಿಯಲ್ಲಿ ಹೋಗಬಹುದಾದರೆ ಒಂದು. ಹಗ್ಗ, ದೋಣಿಯಂತಹ ವಿಶೇಷ ಸಲಕರಣೆ ಬೇಕಾದರೆ ಐದು. ಹುಡುಕುವ ಕಷ್ಟಕ್ಕೆ ಬೇರೆಯೇ ಅಂಕ ಇದೆ, ಎರಡನ್ನೂ ಕಲಸಬೇಡಿ. ರಸ್ತೆ ಬದಿಯಲ್ಲಿದ್ದರೂ ಕಣ್ಣಿಗೆ ಬೀಳದ ಡಬ್ಬಿ ಇರುತ್ತದೆ, ಬೆಟ್ಟದ ತುದಿಯಲ್ಲಿದ್ದರೂ ಎದುರಿಗೇ ಕುಳಿತಿರುವ ಡಬ್ಬಿ ಇರುತ್ತದೆ.

ಡೊಂಬಿವಲಿ ಸ್ಲೋ ಲೋಕಲ್

ಫೆಬ್ರುವರಿಯಲ್ಲಿ ಎರಡು ಇರಬಹುದು. ಜುಲೈಯಲ್ಲಿ ಪಾಚಿ ಕಟ್ಟಿದ ಅದೇ ಮೆಟ್ಟಿಲಿಗೆ ಮೂರೂವರೆ ಕೊಡದಿದ್ದರೆ ನಿಮ್ಮನ್ನು ನಂಬಿ ಬಂದವನ ಸೊಂಟ ಮುರಿಯುತ್ತದೆ. ಅಜ್ಜಿಯರು ಹತ್ತುವುದು ಚಳಿಗಾಲದಲ್ಲಿ, ಸಂದೇಹಿಯವರೇ. ಹರಿಹರಗಡದ ಏಣಿಯಂತಹ ಮೆಟ್ಟಿಲು ಮಳೆಯಲ್ಲಿ ಹತ್ತಿ ನೋಡಿ, ಆಮೇಲೆ ಅಂಕ ಹಾಕಿ.

ಮಳೆಗಾಲದಲ್ಲಿ ಜಲಪಾತ, ಹಳ್ಳದ ಹತ್ತಿರ ಡಬ್ಬಿ ಬೇಡ. 2024ರ ಜೂನ್ 30ರಂದು ಲೋನಾವಳಾದ ಭುಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದವರು ಕೊಚ್ಚಿಹೋದರು. ನೀರು ಏರುವುದಕ್ಕೆ ನಿಮಿಷಗಳು ಸಾಕು. ಶವ ಎತ್ತಲು, ಸಿಕ್ಕಿಕೊಂಡವರನ್ನು ಇಳಿಸಲು ಆ ಭಾಗದಲ್ಲಿ ಮೊದಲು ಓಡಿ ಬರುವವರು ಶಿವದುರ್ಗ ಮಿತ್ರದಂತಹ ಸ್ವಯಂಸೇವಕರು. ನಮ್ಮ ಆಟಕ್ಕಾಗಿ ಅವರ ನಿದ್ದೆ ಕೆಡಿಸಬೇಕೇ?

ಸದಾಶಿವ ಪೇಟೆ ಸದಾ ಸಂದೇಹಿ

ಮೂರೂವರೆ ಒಪ್ಪುವುದಿಲ್ಲ. ಮೂರು. ಉಳಿದದ್ದನ್ನು ಒಪ್ಪಿದೆ.

ಮಲ್ಪೆಯಿಂದ ಮುಲುಂಡ್

ಇಷ್ಟು ಹೊತ್ತು ಓದುತ್ತಿದ್ದೆ. ನಿಮಗೆಲ್ಲ ಡಬ್ಬಿಯ ಮೇಲೇ ಏಕೆ ಇಷ್ಟು ಮೋಹ? ಡಬ್ಬಿಯೇ ಇಲ್ಲದ ಒಂದು ಬಗೆ ಇದೆಯಲ್ಲ, ಅರ್ಥ್‌ಕ್ಯಾಶ್. ಅಮೆರಿಕದ ಭೂವಿಜ್ಞಾನ ಸಂಘ 2004ರಲ್ಲಿ ಶುರುಮಾಡಿದ್ದು. ಒಂದು ಜಾಗದ ಕಲ್ಲು, ಮಣ್ಣು, ನೀರಿನ ಬಗ್ಗೆ ಏನನ್ನಾದರೂ ತಿಳಿಸಿ, ಅಲ್ಲಿಗೆ ಹೋಗಿ ಕಣ್ಣಾರೆ ನೋಡಿದವರು ಮಾತ್ರ ಉತ್ತರಿಸಬಲ್ಲ ಪ್ರಶ್ನೆ ಕೇಳುತ್ತೀರಿ. ಉತ್ತರ ನಿಮಗೆ ಕಳುಹಿಸುತ್ತಾರೆ, ಮುಗಿಯಿತು. ಕೋತಿ ಒಯ್ಯುವುದಿಲ್ಲ, ಪೊಲೀಸರು ಕರೆಯುವುದಿಲ್ಲ, ಮಳೆಗೆ ಒದ್ದೆಯಾಗುವುದಿಲ್ಲ.

ಇದಕ್ಕೆ ಸಹ್ಯಾದ್ರಿಗಿಂತ ಒಳ್ಳೆಯ ನೆಲ ಬೇಕೇ? ನಾವು ಹತ್ತುವುದೆಲ್ಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ, ಅಂದರೆ ಬಸಾಲ್ಟ್ ಕಲ್ಲು. ದೂರದಿಂದ ಕೋಟೆಯ ಬೆಟ್ಟ ನೋಡಿದರೆ ಅಡ್ಡಡ್ಡ ಕಟ್ಟೆಗಳಂತೆ ಕಾಣುವುದು ಅದಕ್ಕೇ. ಗಟ್ಟಿ ಪದರ ಗೋಡೆಯಾಗಿ ನಿಲ್ಲುತ್ತದೆ, ಮೆತ್ತನೆಯ ಪದರ ಸವೆದು ಇಳಿಜಾರಾಗುತ್ತದೆ. ಎರಡು ಪ್ರವಾಹಗಳ ನಡುವೆ ಅಲ್ಲಲ್ಲಿ ಕೆಂಪು ಮಣ್ಣಿನ ಪಟ್ಟಿ: ಒಂದು ಲಾವಾ ಬಂದು ಇನ್ನೊಂದು ಬರುವುದರೊಳಗೆ ಗಾಳಿ ಮಳೆಗೆ ಕಲ್ಲು ಶಿಥಿಲವಾದ ಗುರುತು. ನಿಘೋಜದಲ್ಲಿ ಕುಕಡಿ ನದಿ ಇದೇ ಬಸಾಲ್ಟನ್ನು ಕೊರೆದು ಮಾಡಿದ ಕುಳಿಗಳನ್ನು ನೋಡಿ. ಅಂಧೇರಿಯಲ್ಲಿ ಗಿಲ್ಬರ್ಟ್ ಬೆಟ್ಟ ಇದೆ, ಸುಮಾರು ಅರವತ್ತು ಮೀಟರ್ ಎತ್ತರದ ಕಂಬಗಲ್ಲುಗಳ ಗುಡ್ಡ, ಸುತ್ತಲೂ ಕಟ್ಟಡ. ಮುಂಬೈಯ ಎಷ್ಟು ಜನ ಅದನ್ನು ನೋಡಿದ್ದಾರೆ?

ನಮ್ಮೂರಿನ ಸೇಂಟ್ ಮೇರೀಸ್ ದ್ವೀಪದಲ್ಲೂ ಕಂಬಗಲ್ಲುಗಳಿವೆ, ಆದರೆ ಅವು ಇನ್ನೂ ಹಳೆಯವು. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು, ಸುಮಾರು 8.8 ಕೋಟಿ ವರ್ಷ. ಮುಂಬೈಯವರು ಸಿಕ್ಕಾಗಲೆಲ್ಲ ಇದನ್ನು ಹೇಳದೆ ಬಿಡುವುದಿಲ್ಲ ನಾನು.

ಕುರ್ಲಾ ಕೊನೆಯ ಗಾಡಿ

ಗಿಲ್ಬರ್ಟ್ ಬೆಟ್ಟದ ಪಕ್ಕದ ರಸ್ತೆಯಲ್ಲಿ ವರ್ಷಗಟ್ಟಲೆ ರಿಕ್ಷಾದಲ್ಲಿ ಹೋಗಿದ್ದೇನೆ. ತಲೆ ಎತ್ತಿ ನೋಡಿದ್ದು ಸಂಚಾರ ದೀಪವನ್ನು ಮಾತ್ರ.

ಸದಾಶಿವ ಪೇಟೆ ಸದಾ ಸಂದೇಹಿ

ಡಬ್ಬಿ ಇಲ್ಲದಿದ್ದರೆ ಆಟ ಎಲ್ಲಿ ಉಳಿಯಿತು? ಸಿಕ್ಕಿತು ಎಂದು ಕೂಗುವ ಕ್ಷಣಕ್ಕಾಗಿ ತಾನೇ ಬೆವರು ಸುರಿಸುವುದು? ನೀವು ಹೇಳುತ್ತಿರುವುದು ಭೂಗೋಳದ ಪರೀಕ್ಷೆ. ಶಾಲೆಯಲ್ಲಿ ಅದನ್ನು ಬರೆದು ಬಿಟ್ಟಾಗಿದೆ.

ಮಲ್ಪೆಯಿಂದ ಮುಲುಂಡ್

ಪ್ರಶ್ನೆ ಪತ್ರಿಕೆಯಂತೆ ಮಾಡಿದರೆ ನಿಮ್ಮ ಮಾತು ನಿಜ. ಹುಡುಕುವಂತೆ ಮಾಡಿದರೆ ಅಲ್ಲ. ದಾರಿಯ ಯಾವ ತಿರುವಿನಲ್ಲಿ ಕಲ್ಲಿನ ಬಣ್ಣ ಬದಲಾಗುತ್ತದೆ ಎಂದು ಕೇಳಿ ನೋಡಿ. ಇಡೀ ಗುಂಪು ಫೋನ್ ಜೇಬಿಗೆ ಹಾಕಿ ಬೆಟ್ಟ ನೋಡುತ್ತದೆ. ಕೂಗುವವರು ಆಗಲೂ ಕೂಗುತ್ತಾರೆ.

ಪಣಜಿಯ ಪಾದಚಾರಿ

ಇದು ಚೆನ್ನಾಗಿದೆ. ಡೊಂಬಿವಲಿಯವರ ಗೆಳೆಯನೂ ಬದುಕಿಕೊಳ್ಳುತ್ತಾನೆ.

ಬಾಣೇರ್ ಬೆಟ್ಟದವಳು

ಭಾನುವಾರ ಹೋಗಿ ಬಂದೆವು. ಮಾಳವಲಿಯಲ್ಲಿ ಲೋಕಲ್ ಇಳಿದು, ಭಾಜೆ ಊರಿನ ಮೂಲಕ ಹತ್ತಿ, ಲೋಹಗಡದ ಪಕ್ಕದ ಗಾಯಮುಖ ಖಿಂಡಿಯವರೆಗೆ, ಅಂದರೆ ಬೆಟ್ಟಗಳ ನಡುವಿನ ಕಣಿವೆದಾರಿಯವರೆಗೆ. ಕೋಟೆಯೊಳಗೆ ಹೋಗಲೇ ಇಲ್ಲ. ಸಾತಾರೆಯ ಗೆಳೆಯನೂ ಬಂದ. ಮಾಮ ಹೇಳಿದ ಚಹಾ ಮಾಳವಲಿಯಲ್ಲೇ ಕೊಡಿಸಿದೆ. ಅವನೇ ಹೆಚ್ಚು ಕಲ್ಲು ನೋಡಿದ್ದು. ದಾರಿಯ ಬದಿಯ ಬಂಡೆಗಳಲ್ಲಿ ಸಾಸಿವೆಯಿಂದ ನೆಲ್ಲಿಕಾಯಿಯವರೆಗಿನ ಗುಳಿಗಳು. ಕೆಲವು ಖಾಲಿ, ಕೆಲವಕ್ಕೆ ಬಿಳಿ ಹರಳು ತುಂಬಿದೆ. ಲಾವಾದೊಳಗಿನ ಗಾಳಿಗುಳ್ಳೆಗಳ ಜಾಗ ಎಂದು ಓದಿ ತಿಳಿದೆ.

ಅರ್ಥ್‌ಕ್ಯಾಶ್ ಮಾಡುವುದೆಂದು ತೀರ್ಮಾನಿಸಿದ್ದೇವೆ. ಕರಡು ಪ್ರಶ್ನೆಗಳು ಹೀಗಿವೆ, ತಿದ್ದಿಕೊಡಿ. ಮೊದಲನೆಯದು: ಸ್ಥಾನದಲ್ಲಿ ನಿಂತು ಎಡಗಡೆಯ ಬಂಡೆ ನೋಡಿ. ಗುಳಿಗಳು ಮೇಲ್ಭಾಗದಲ್ಲಿ ಹೆಚ್ಚೋ ಕೆಳಭಾಗದಲ್ಲಿ ಹೆಚ್ಚೋ? ಏಕಿರಬಹುದು? ಎರಡನೆಯದು: ಈ ಕಲ್ಲಿನ ಹೆಸರೇನು, ಇದರ ವಯಸ್ಸೆಷ್ಟು? ಮೂರನೆಯದು: ಬಿಳಿ ಹರಳು ತುಂಬಿದ ಅತಿ ದೊಡ್ಡ ಗುಳಿ ನಿಮ್ಮ ಹೆಬ್ಬೆರಳಿಗಿಂತ ದೊಡ್ಡದೋ ಚಿಕ್ಕದೋ? ಹರಳನ್ನು ಕೀಳಬಾರದು ಎಂದು ದಪ್ಪ ಅಕ್ಷರದಲ್ಲಿ ಹಾಕುತ್ತೇವೆ.

ಮಲ್ಪೆಯಿಂದ ಮುಲುಂಡ್

ಮೊದಲನೆಯದು ತುಂಬ ಚೆನ್ನಾಗಿದೆ. ಗಾಳಿಗುಳ್ಳೆ ಮೇಲಕ್ಕೆ ಏರುವುದರಿಂದ ಪ್ರವಾಹದ ನೆತ್ತಿಯ ಕಡೆ ಗುಳಿಗಳು ಹೆಚ್ಚು. ಅದನ್ನು ನೋಡುವವರೇ ಕಂಡುಕೊಳ್ಳಲಿ, ವಿವರಣೆಯಲ್ಲಿ ಮೊದಲೇ ಬಿಟ್ಟುಕೊಡಬೇಡಿ.

ಜಿಪಿಎಸ್ ಗಣಪ

ಎರಡನೆಯದನ್ನು ತೆಗೆಯಿರಿ. ಮನೆಯಲ್ಲಿ ಕುಳಿತು ಉತ್ತರಿಸಬಹುದಾದ ಪ್ರಶ್ನೆಯನ್ನು ಪರಿಶೀಲಕರು ಒಪ್ಪುವುದಿಲ್ಲ. ಸ್ಥಾನವನ್ನು ಒಂದೇ ಸಲ ಅಳೆಯಬೇಡಿ, ಬೇರೆ ಬೇರೆ ಹೊತ್ತಿನಲ್ಲಿ ಅಳೆದು ಸರಾಸರಿ ಹಾಕಿ. ಅಲ್ಲಿ ಪಕ್ಕದಲ್ಲೇ ಬಂಡೆ ಇದೆ.

ಸದಾಶಿವ ಪೇಟೆ ಸದಾ ಸಂದೇಹಿ

ಮೂರನೆಯದರಲ್ಲಿ ಯಾರ ಹೆಬ್ಬೆರಳು? ನನ್ನದೋ ವಿಜಯಪುರದವರದೋ? ಒಂದು ರೂಪಾಯಿ ನಾಣ್ಯ ಎಂದು ಹಾಕಿ.

ವಿಜಯಪುರ ಟು ಪಿಂಪರಿ

ಹಳೆಯ ನಾಣ್ಯವೋ ಹೊಸ ನಾಣ್ಯವೋ ಎಂದೂ ಬರೆಯಿರಿ. ಇವರು ಅದಕ್ಕೂ ಜಗಳ ತೆಗೆಯುತ್ತಾರೆ.